ನಿದ್ದೆಗೆ ಹಿರೇಮದ್ದು: ಬೇರು ಬೇಕು, ಎಲೆ ಬೇಡ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಹಿರಿಯರನ್ನು ಕೇಳಿದರೆ ರಾತ್ರಿ ನಿದ್ದೆ ಬಾರದವರಿಗೆ ಹಾಲಿನಲ್ಲಿ ಹಿರೇಮದ್ದಿನ ಬೇರು ಕೊಡಿ ಎನ್ನುತ್ತಾರೆ. ಒಣನೆಲದ ಬದುಗಳಲ್ಲಿ ತಾನಾಗಿ ಬೆಳೆಯುವ ಈ ಗಿಡವನ್ನು ನಮ್ಮಲ್ಲಿ ಅನೇಕರು ಕಳೆಯೆಂದು ಕಿತ್ತೆಸೆಯುವುದೂ ಉಂಟು. ಇದೇ ಅಶ್ವಗಂಧ; ತೆಲುಗಿನಲ್ಲಿ ಪೆನ್ನೇರು. ಹಸಿ ಬೇರಿಗೆ ಕುದುರೆಯ ವಾಸನೆ ಇರುವುದರಿಂದ ಅಶ್ವಗಂಧವೆಂಬ ಹೆಸರು. ಸಸ್ಯಶಾಸ್ತ್ರದಲ್ಲಿ ಇದು ವಿಥಾನಿಯ ಸೋಮ್ನಿಫೆರ. ಲ್ಯಾಟಿನ್ ಭಾಷೆಯಲ್ಲಿ ಸೋಮ್ನಿಫೆರ ಎಂದರೆ ನಿದ್ದೆ ತರುವುದು.

ಗಿಡ ಎರಡು ಮೂರು ಅಡಿ ಎತ್ತರ. ಎಲೆಯ ಮೇಲೆ ನವಿರಾದ ರೋಮ. ಕಾಗದದಂಥ ತೆಳು ಚೀಲದೊಳಗೆ ಕೆಂಪು ಹಣ್ಣು. ಬದನೆ, ಟೊಮೇಟೊ ಮಾತ್ರವಲ್ಲ, ವಿಷದ ಉಮ್ಮತ್ತಿಯೂ ಇದರ ಬಳಗವೇ. ಗುರುತು ಖಚಿತವಿಲ್ಲದೆ ಕೀಳಬೇಡಿ. ಹಣ್ಣು ಮಕ್ಕಳ ಬಾಯಿಗೆ ಹೋಗದಿರಲಿ.

ಗುಣ ಇದೆಯೇ? ಇದೆ, ಆದರೆ ಮಿತವಾಗಿ. ಐದು ಪರೀಕ್ಷೆಗಳಲ್ಲಿ ಭಾಗವಹಿಸಿದ 400 ಜನರ ಫಲಿತಾಂಶಗಳನ್ನು 2021ರಲ್ಲಿ ಒಟ್ಟಿಗೆ ನೋಡಿದಾಗ ನಿದ್ದೆ ಸ್ವಲ್ಪ ಸುಧಾರಿಸಿದ್ದು ಕಂಡಿತು. ಎಂಟು ವಾರ ತೆಗೆದುಕೊಂಡವರಲ್ಲಿ ಹೆಚ್ಚು. ಅಂದರೆ ನುಂಗಿದ ರಾತ್ರಿಯೇ ಗೊರಕೆ ಹೊಡೆಸುವ ಮದ್ದಲ್ಲ ಇದು. ಆಯುರ್ವೇದದಲ್ಲಿ ಬೇರಿನ ಪುಡಿ ದಿನಕ್ಕೆ 3ರಿಂದ 6 ಗ್ರಾಂ. ವೈದ್ಯರನ್ನು ಕೇಳಿ ಕಡಿಮೆಯಿಂದಲೇ ಆರಂಭಿಸುವುದು ಲೇಸು.

ಎಲೆಯ ಕಷಾಯ ಬೇಡ. ಬೇರನ್ನೇ ಬಳಸಿರಿ ಎಂದು ಕೇಂದ್ರದ ಆಯುಷ್ ಮಂತ್ರಾಲಯವು 2021ರಲ್ಲಿ ಔಷಧ ತಯಾರಕರಿಗೆ ಸೂಚಿಸಿತು. ಬಸುರಿಯರು, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು ಬೇರನ್ನೂ ಮುಟ್ಟಬಾರದು. ಕಣ್ಣು, ಮೂತ್ರ ಹಳದಿಯಾದರೆ ತಕ್ಷಣ ನಿಲ್ಲಿಸಿ ಡಾಕ್ಟರರಲ್ಲಿಗೆ ಹೋಗಬೇಕು.

ಇನ್ನೊಂದು ಮಾತನ್ನು ಬಿಚ್ಚಿ ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಜನ ಸೇಂದಿ ಕುಡಿದೇ ನಿದ್ದೆ ಮಾಡುತ್ತಾರೆ. ಕಲಬೆರಕೆ ಸೇಂದಿಗೆ ಆಲ್ಪ್ರಜೋಲಾಮ್, ಡೈಯಾಜೆಪಾಮ್ ಎಂಬ ನಿದ್ದೆಯ ಔಷಧಗಳನ್ನು ಬೆರೆಸಿದ್ದು ತೆಲಂಗಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. 2015ರಲ್ಲಿ ಅಬಕಾರಿಯವರು ಬಿಗಿ ಮಾಡಿದಾಗ ನಿಜಾಮಾಬಾದ್, ಮಹಬೂಬ್‌ನಗರದ ಕಡೆ ಕೈನಡುಕ, ಫಿಟ್ಸ್, ಬಡಬಡಿಕೆಯಿಂದ ಜನ ಆಸ್ಪತ್ರೆ ಸೇರಿದರು. ಅಂಥ ಸೇಂದಿಯನ್ನೋ ನಿದ್ದೆ ಮಾತ್ರೆಯನ್ನೋ ಒಮ್ಮೆಲೇ ಬಿಟ್ಟು ಹಿರೇಮದ್ದು ಹಿಡಿದರೆ ಅದು ಕಾಯುವುದಿಲ್ಲ. ಎರಡನ್ನೂ ಕೂಡಿಸಿದರೆ ಮಂಪರು ಹೆಚ್ಚಬಹುದು. ಮನೆಯಲ್ಲಿ ಇಂಥವರಿದ್ದರೆ ನಾಚದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರರು ಸ್ವಲ್ಪ ಸ್ವಲ್ಪವಾಗಿ ಬಿಡಿಸುತ್ತಾರೆ.

ಬೆಳೆಯಾಗಿಯೂ ಇದನ್ನು ಹಾಕಬಹುದು. ನೀರು ನಿಲ್ಲದ ಹಗುರ ಕೆಂಪು ಮಣ್ಣು ಸರಿಯಾದದ್ದು. ತಾಂಡೂರಿನ ತೊಗರಿಯ ಕಪ್ಪು ನೆಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆಗಸ್ಟ್ ಮಳೆಗೆ ಎಕರೆಗೆ 4–5 ಕಿಲೋ ಬೀಜ ಚೆಲ್ಲಿದರೆ ಐದಾರು ತಿಂಗಳಲ್ಲಿ, ಎಲೆ ಒಣಗಿ ಹಣ್ಣು ಕೆಂಪಾದಾಗ, ಬೇರು ಕೀಳಬಹುದು. ತೊಳೆದು ಬೆರಳುದ್ದ ಕತ್ತರಿಸಿ ಒಣಗಿಸಬೇಕು. ಬೀಜ ತರುವ ಮೊದಲೇ ಬೇರು ಕೊಳ್ಳುವವರು ಯಾರೆಂದು ವಿಚಾರಿಸಿಕೊಳ್ಳಿ. ಇದಕ್ಕೆ ಜೋಳ, ತೊಗರಿಯ ಹಾಗೆ ಪ್ರತಿ ಸಂತೆಯಲ್ಲೂ ಗಿರಾಕಿ ಸಿಗುವುದಿಲ್ಲ.