ಕಡಲತೀರದ ಕಸ ಹೆಕ್ಕಿದರೆ ಕಡಲು ಉಳಿದೀತೇ?

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಬಂತೆಂದರೆ ನಮ್ಮ ಕರಾವಳಿಯ ಬೀಚುಗಳಲ್ಲಿ ಶಾಲಾ ಕಾಲೇಜಿನ ಮಕ್ಕಳು ಕೈಗವಸು ತೊಟ್ಟು ಸಾಲುಗಟ್ಟುತ್ತಾರೆ. ಎರಡು ತಾಸಿನಲ್ಲಿ ಚೀಲಗಳು ತುಂಬುತ್ತವೆ, ಬ್ಯಾನರ್ ಹಿಡಿದು ಫೋಟೊ ಆಗುತ್ತದೆ, ಬಸ್ಸು ಹೊರಡುತ್ತದೆ. ಕಸ ಹೆಕ್ಕುವುದು ಒಳ್ಳೆಯ ಕೆಲಸವೇ. ಆದರೆ ಕಡಲ ರಕ್ಷಣೆಗೆ ಯುವಜನರಿಂದ ಆಗುವುದು ಇಷ್ಟೇ ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಮಕ್ಕಳ ಕುತೂಹಲವನ್ನು ಇಷ್ಟು ಅಗ್ಗವಾಗಿ ಮುಗಿಸಿಬಿಡುವ ನಂಬಿಕೆ ಇನ್ನೊಂದಿಲ್ಲ.

ಈ ಆಚರಣೆ ಹುಟ್ಟಿದ ಬಗೆಯನ್ನೇ ನೋಡಿ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರಕ್ಕೆ ಇಳಿದ ಸುಮಾರು 2,800 ಜನ ಕಸವನ್ನು ಚೀಲಕ್ಕೆ ತುಂಬಿದ್ದಷ್ಟೇ ಅಲ್ಲ, ಸಿಕ್ಕಿದ್ದೇನು, ಎಷ್ಟು ಎಂದು ಪಟ್ಟಿಯನ್ನೂ ಬರೆದರು. ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ನಿಯಮವನ್ನು ಅಮೆರಿಕ ಒಪ್ಪಬೇಕೆಂದು ವಾದಿಸಿದವರಿಗೆ ಆ ಪಟ್ಟಿ ಬಲ ಕೊಟ್ಟಿತು. ನಿಯಮ 1988ರ ಡಿಸೆಂಬರ್ 31ರಂದು ಜಾರಿಗೆ ಬಂತು. ನಾವು ಚೀಲವನ್ನು ಇಟ್ಟುಕೊಂಡು ಪಟ್ಟಿಯನ್ನು ಬಿಟ್ಟೆವು. ‘ಇಷ್ಟು ಟನ್ ಕಸ ಸಂಗ್ರಹ’ ಎಂಬ ಸುದ್ದಿಯಿಂದ ಪಂಚಾಯಿತಿಗೆ ತಿಳಿಯುವುದು ಏನೂ ಇಲ್ಲ. ಅದರಲ್ಲಿ ಶಾಂಪೂ ಸ್ಯಾಷೆ ಎಷ್ಟು, ನೀರಿನ ಬಾಟಲಿ ಎಷ್ಟು, ಹರಿದ ಬಲೆ ಎಷ್ಟು ಎಂಬ ಲೆಕ್ಕ ಇದ್ದರೆ ಯಾರನ್ನು ಕೇಳಬೇಕು ಎಂಬುದಾದರೂ ಗೊತ್ತಾಗುತ್ತದೆ.

ಪೆಸಿಫಿಕ್ ಸಾಗರದಲ್ಲಿ ‘ಕಸದ ದ್ವೀಪ’ ಇದೆ ಎಂಬ ಕತೆಯೂ ಹೀಗೆಯೇ ಲೆಕ್ಕ ನೋಡದೆ ಹಬ್ಬಿದ್ದು. ನಿಂತು ನಡೆದಾಡಬಹುದಾದ ದ್ವೀಪ ಅಲ್ಲಿಲ್ಲ. 2018ರ ಅಧ್ಯಯನವೊಂದರ ಪ್ರಕಾರ ಸುಮಾರು 16 ಲಕ್ಷ ಚದರ ಕಿಲೋಮೀಟರಿನಲ್ಲಿ ಕಸ ಹರಡಿಕೊಂಡಿದೆ. ತುಣುಕುಗಳಲ್ಲಿ ಬಹುಪಾಲು ಬಹಳ ಸಣ್ಣವು. ತೂಕದಲ್ಲಿ ಮಾತ್ರ ಶೇ 46ರಷ್ಟು ಮೀನುಗಾರಿಕೆಯ ಬಲೆಗಳು.

ಕಡಲ ರಕ್ಷಣೆಯ ಪ್ರಚಾರ ಮಾಡುವವರೇ ಹೇಳುವ ಇನ್ನೊಂದು ಮಾತಿದೆ: “ನಾವು ಎಳೆದುಕೊಳ್ಳುವ ಪ್ರತಿ ಎರಡನೇ ಉಸಿರು ಕಡಲಿನದು.” ಭೂಮಿಯ ಮೇಲೆ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಸಾಗರದ ಸೂಕ್ಷ್ಮ ಸಸ್ಯಗಳಿಂದ ಬರುವುದು ನಿಜ. ಆದರೆ ಹೆಚ್ಚುಕಡಿಮೆ ಅಷ್ಟನ್ನೂ ಕಡಲ ಜೀವಿಗಳೇ ಬಳಸಿಕೊಳ್ಳುತ್ತವೆ. ನಮ್ಮ ಗಾಳಿಯಲ್ಲಿರುವುದು ಕೋಟ್ಯಂತರ ವರ್ಷಗಳಿಂದ ಕೂಡಿಬಂದ ಸಂಗ್ರಹ. ಮಕ್ಕಳಿಗೆ ಉತ್ಪ್ರೇಕ್ಷೆ ಬೇಡ, ಇರುವ ಸತ್ಯವೇ ಸಾಕಷ್ಟು ದೊಡ್ಡದು. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ಶೇ 90ಕ್ಕೂ ಹೆಚ್ಚು ಪಾಲನ್ನು ಕಡಲು ನುಂಗಿಕೊಂಡಿದೆ.

ಈಗ ಆಮೆಗಳ ಮಾತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕುಂದಾಪುರ, ಹೊನ್ನಾವರ, ಕಾರವಾರದ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ. ಮರಿಯನ್ನು ಅಂಗೈಯಲ್ಲಿಟ್ಟು ಫೋಟೊ ತೆಗೆಸಿಕೊಂಡು ನೀರಿಗೆ ಬಿಟ್ಟರೆ ಅದನ್ನು ಕಾಪಾಡಿದಂತೆ ಎಂದು ಅನೇಕರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ. ಆದರೆ ಮರಿ ಮರಳಿನ ಮೇಲೆ ತಾನೇ ತೆವಳಿ ಹೋಗಬೇಕು. ಕತ್ತಲಲ್ಲಿ ನೀರಿನ ಕಡೆಯ ಮಂದ ಬೆಳಕೇ ಅದಕ್ಕೆ ದಾರಿ. ರೆಸಾರ್ಟಿನ ದೀಪ, ಮೊಬೈಲಿನ ಫ್ಲ್ಯಾಶ್ ಕಂಡರೆ ಅದು ಊರ ಕಡೆಗೆ ತಿರುಗುತ್ತದೆ, ಮುಂದೆ ನಾಯಿ ಕಾಗೆಗಳ ಪಾಲಾಗುತ್ತದೆ. ಅಂದರೆ ಅಲ್ಲಿ ನಾವು ಮಾಡಬೇಕಾದ ಅತಿ ದೊಡ್ಡ ಉಪಕಾರ ದೀಪ ಆರಿಸಿ ದೂರ ನಿಲ್ಲುವುದು.

ಇದನ್ನು ಬಹಳ ಹಿಂದೆಯೇ ಅರಿತವರು ಚೆನ್ನೈನ ವಿದ್ಯಾರ್ಥಿಗಳು. 1988ರಲ್ಲಿ ಶುರುವಾದ ಅವರ ಕಡಲಾಮೆ ಸಂರಕ್ಷಣಾ ಜಾಲಕ್ಕೆ ಇಂದಿಗೂ ಸ್ವಯಂಸೇವಕರೇ ಆಧಾರ. ವರ್ಷದ ಮೊದಲ ತಿಂಗಳುಗಳಲ್ಲಿ ರಾತ್ರಿ ನೀಲಾಂಕರೈನಿಂದ ಬೆಸೆಂಟ್ ನಗರದವರೆಗೆ ಮರಳಿನಲ್ಲಿ ನಡೆಯುತ್ತಾರೆ, ಅಪಾಯದಲ್ಲಿರುವ ಮೊಟ್ಟೆಗಳನ್ನು ಬೇಲಿ ಹಾಕಿದ ಜಾಗಕ್ಕೆ ಸಾಗಿಸುತ್ತಾರೆ, ಸತ್ತ ಆಮೆಗಳನ್ನೂ ಎಣಿಸಿ ಬರೆದಿಡುತ್ತಾರೆ. ಬ್ಯಾಚ್ ಬದಲಾಗುತ್ತದೆ, ಲೆಕ್ಕದ ಪುಸ್ತಕ ಮುಂದುವರಿಯುತ್ತದೆ. 2025ರ ಜನವರಿಯಲ್ಲಿ ತಮಿಳುನಾಡಿನ ತೀರದಲ್ಲಿ ನೂರಾರು ಆಮೆಗಳು ಸತ್ತು ಬಿದ್ದಾಗ ಅದು ಎಂದಿನ ಸಾವಲ್ಲ ಎಂದು ಗಟ್ಟಿಯಾಗಿ ಹೇಳಲು ಆಗಿದ್ದು ಹಿಂದಿನ ವರ್ಷಗಳ ಲೆಕ್ಕ ಇದ್ದುದರಿಂದ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ವಿಷಯವನ್ನು ಕೈಗೆತ್ತಿಕೊಂಡಿತು. ಒಂದು ದಿನದ ಉತ್ಸಾಹದಿಂದ ಇಂಥದ್ದು ಸಾಧ್ಯವೇ ಇರಲಿಲ್ಲ.

“ನಾವು ಬೆಂಗಳೂರಿನವರು, ಕಡಲು ಎಲ್ಲಿ, ನಾವು ಎಲ್ಲಿ!” ಎನ್ನುವವರಿದ್ದಾರೆ. ನೀರಿನ ದಾರಿ ಹಿಡಿದು ಹೊರಟರೆ ಈ ಮಾತು ನಿಲ್ಲುವುದಿಲ್ಲ. ನಗರದ ಪಶ್ಚಿಮ ಭಾಗದ ಕೊಳಚೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ನೀರು ದಕ್ಷಿಣ ಪಿನಾಕಿನಿಗೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿ ಸೇರುವ ನದಿಗಳು. ರಾಜಕಾಲುವೆಯ ಪಕ್ಕದ ಶಾಲೆಯ ಮಕ್ಕಳು ಅದರಲ್ಲಿ ಹರಿಯುವುದನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಅದೂ ಕಡಲ ಕೆಲಸವೇ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಕಲ್ಪನೆ ಮಾತ್ರ ಬೇರೆ: ಮೀನುಗಾರರೇ ಕಡಲಿನ ಶತ್ರುಗಳು ಎನ್ನುವುದು. ಗುಜರಾತಿನಲ್ಲಿ ಆದದ್ದು ಬೇರೆಯೇ. ಅಲ್ಲಿ ಒಂದು ಕಾಲಕ್ಕೆ ತಿಮಿಂಗಿಲ ಶಾರ್ಕ್‌ಗಳ ಬೇಟೆ ಜೋರಾಗಿತ್ತು. 2001ರಲ್ಲಿ ಈ ಶಾರ್ಕನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿ ಬೇಟೆಯನ್ನು ನಿಷೇಧಿಸಿದರು. ಆದರೆ ಕಾನೂನು ಕಡಲ ನಡುವೆ ಕಾವಲು ನಿಲ್ಲಲಾರದು. 2004ರಲ್ಲಿ ಶಾರ್ಕ್ ಉಳಿಸುವ ಪ್ರಚಾರ ಶುರುವಾದಾಗ ಕಥಾವಾಚಕ ಮೊರಾರಿ ಬಾಪು ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದರು. ಅದು ಮೀನುಗಾರರಿಗೆ ನಾಟಿತು. ಹರಿದ ಬಲೆಗೆ ಪರಿಹಾರವೂ ಬಂತು, ಶಾರ್ಕ್ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಮೀನುಗಾರರೇ ಫೋಟೊ ತೆಗೆಯುವ ವ್ಯವಸ್ಥೆಯೂ ಆಯಿತು. ಅಂದಿನಿಂದ ನೂರಾರು ಶಾರ್ಕ್‌ಗಳನ್ನು ಅವರು ಬಲೆ ಕತ್ತರಿಸಿ ಬಿಟ್ಟಿದ್ದಾರೆ.

ನಮ್ಮಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ದಡದಲ್ಲೇ ಇರುತ್ತವೆ. ಆ ರಜೆಯಲ್ಲಿ ಬೆಳೆಯಬೇಕಾದ ಮರಿ ಮೀನು ಮುಂದೆ ಟ್ರಾಲ್ ಬಲೆಗೆ ಸಿಕ್ಕಿ ಫಿಶ್‌ಮೀಲ್ ಕಾರ್ಖಾನೆಗೆ ಹೋದರೆ ಮೊದಲು ಕಳೆದುಕೊಳ್ಳುವವರು ಮೀನುಗಾರರೇ. ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ಯಾರನ್ನು ಕೇಳಿದರೂ ಬೂತಾಯಿ, ಬಂಗುಡೆ ಯಾವ ವರ್ಷ ಕೈಕೊಟ್ಟಿತು ಎಂದು ಹೇಳುತ್ತಾರೆ. ಬೀಚ್ ಸ್ವಚ್ಛತೆಗೆ ಬರುವ ಕಾಲೇಜು ತಂಡಗಳು ಮುಂದಿನ ಬಾರಿ ಬೆಳಿಗ್ಗೆ ಆರಕ್ಕೆ ಮೊದಲು ಆ ದಕ್ಕೆಗೆ ಹೋಗಲಿ. ಬುಟ್ಟಿಯಲ್ಲಿರುವ ಮೀನಿನ ಗಾತ್ರ ಅಳೆಯಲಿ, ಹೆಸರು ಬರೆಯಲಿ, ಮೀನುಗಾರರ ಮನೆಯ ಮಕ್ಕಳನ್ನೇ ತಂಡದ ಮುಂದಾಳುಗಳನ್ನಾಗಿ ಮಾಡಲಿ. ಮರುವರ್ಷ ಅದೇ ತಿಂಗಳು, ಅದೇ ದಕ್ಕೆಗೆ ಮತ್ತೆ ಹೋಗಲಿ.