ಕಣ್ಣುಗೂಡು

ಕಣ್ಣುಗೂಡು ಎಂಬುದು ತಲೆಬುರುಡೆಯ ಮುಂಭಾಗದಲ್ಲಿ, ಮೂಗಿನ ಎರಡೂ ಪಕ್ಕಗಳಲ್ಲಿರುವ ಎಲುಬಿನ ಕುಳಿ. ವೈದ್ಯಶಾಸ್ತ್ರದಲ್ಲಿ ಇದನ್ನು ಆರ್ಬಿಟ್ ಎನ್ನುತ್ತಾರೆ. ವಯಸ್ಕರಲ್ಲಿ ಇದರ ಗಾತ್ರ ಸುಮಾರು 30 ಮಿಲಿಲೀಟರ್. ಸುಮಾರು 24 ಮಿ.ಮೀ. ವ್ಯಾಸದ ಕಣ್ಣುಗುಡ್ಡೆ ಇದರ ಕಾಲುಭಾಗದಷ್ಟನ್ನು ಮಾತ್ರ ತುಂಬುತ್ತದೆ. ಉಳಿದೆಡೆಯಲ್ಲಿ ಸ್ನಾಯುಗಳು, ನರಗಳು, ರಕ್ತನಾಳಗಳು, ಕಣ್ಣೀರಿನ ಗ್ರಂಥಿ ಮತ್ತು ಇವೆಲ್ಲಕ್ಕೂ ಮೆತ್ತೆಯಂತಿರುವ ಕೊಬ್ಬು ಇವೆ.

ಎಲುಬಿನ ಗೋಡೆಗಳು

ಕಣ್ಣುಗೂಡು ತುದಿಯನ್ನು ಹಿಂದಕ್ಕೆ ಚಾಚಿ ಮಲಗಿಸಿದ ಪಿರಮಿಡ್ಡನ್ನು ಹೋಲುತ್ತದೆ. ಹಣೆ, ಕೆನ್ನೆ, ಮೇಲ್ದವಡೆ, ಅಂಗುಳು, ಕಣ್ಣೀರು, ಜರಡಿ ಮತ್ತು ಬೆಣೆ ಎಂಬ ಏಳು ಮೂಳೆಗಳು ಸೇರಿ ಇದನ್ನು ರೂಪಿಸುತ್ತವೆ. ಇದರ ಚಾವಣಿಯ ಮೇಲೆ ಮಿದುಳು, ನೆಲದ ಕೆಳಗೆ ಮೇಲ್ದವಡೆಯ ಗಾಳಿಗೂಡು, ಒಳಗೋಡೆಯಾಚೆ ಜರಡಿಮೂಳೆಯ ಗಾಳಿಗೂಡುಗಳಿವೆ. ಹೊರಗೋಡೆ ಗಟ್ಟಿಯಾಗಿದೆ, ನೆಲ ಮತ್ತು ಒಳಗೋಡೆ ಬಹಳ ತೆಳು. ಒಳಗೋಡೆಯ ಒಂದು ಭಾಗಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕಾಗದದಂಥ ಹಾಳೆ ಎಂಬರ್ಥದ ಹೆಸರೇ ಇದೆ.

ಸ್ನಾಯುಗಳು

ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ತಿರುಗಿಸುತ್ತವೆ. ಮೇಲಿನ, ಕೆಳಗಿನ, ಒಳಗಿನ ಮತ್ತು ಹೊರಗಿನ ನೇರ ಸ್ನಾಯುಗಳು ಗೂಡಿನ ತುದಿಯಲ್ಲಿರುವ ಒಂದು ನಾರಿನ ಉಂಗುರದಿಂದ ಹೊರಡುತ್ತವೆ. ಈ ಉಂಗುರಕ್ಕೆ, 1755ರಲ್ಲಿ ಕಣ್ಣಿನ ಅಂಗರಚನೆಯನ್ನು ಕುರಿತು ಗ್ರಂಥ ಪ್ರಕಟಿಸಿದ ಜರ್ಮನ್ ವಿದ್ವಾಂಸ ಯೋಹಾನ್ ಗಾಟ್‌ಫ್ರೀಡ್ ಜಿನ್ನನ ಹೆಸರಿದೆ. ಉಳಿದೆರಡು ಓರೆ ಸ್ನಾಯುಗಳು. ಮೇಲಿನ ಓರೆ ಸ್ನಾಯುವಿನ ತಂತು, ಬಾವಿಯ ಹಗ್ಗ ರಾಟೆಯ ಮೇಲೆ ಹಾಯುವಂತೆ, ಮೂಗಿನ ಬದಿಯ ಪುಟ್ಟ ಕುಣಿಕೆಯಲ್ಲಿ ನುಸುಳಿ ಹಿಂದಕ್ಕೆ ಹೊರಳಿ ಗುಡ್ಡೆಯನ್ನು ಸೇರುತ್ತದೆ. ಏಳನೆಯದೊಂದು ಸ್ನಾಯು ಮೇಲ್ರೆಪ್ಪೆಯನ್ನು ಎತ್ತುತ್ತದೆ.

ನರಗಳು

ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಎರಡನೆಯದಾದ ದೃಷ್ಟಿನರವು ನೋಟದ ಸಂದೇಶವನ್ನು ಒಯ್ಯುತ್ತದೆ. ಹೊರಗಿನ ನೇರ ಸ್ನಾಯುವನ್ನು ಆರನೆಯ ನರ, ಮೇಲಿನ ಓರೆ ಸ್ನಾಯುವನ್ನು ನಾಲ್ಕನೆಯ ನರ, ಉಳಿದ ನಾಲ್ಕನ್ನೂ ರೆಪ್ಪೆಯೆತ್ತುವ ಸ್ನಾಯುವನ್ನೂ ಮೂರನೆಯ ನರ ನಡೆಸುತ್ತವೆ. ಸ್ಪರ್ಶ ಮತ್ತು ನೋವಿನ ಅರಿವು ಐದನೆಯ ನರದ ಶಾಖೆಯದು.

ಈ ಹಂಚಿಕೆಯಿಂದಾಗಿ ಕಣ್ಣಿನ ಚಲನೆಯನ್ನು ನೋಡಿಯೇ ಯಾವ ನರಕ್ಕೆ ತೊಂದರೆಯಾಗಿದೆ ಎಂದು ವೈದ್ಯರು ಊಹಿಸಬಲ್ಲರು. ಮೂರನೆಯದು ಸೋತರೆ ರೆಪ್ಪೆ ಜೋತುಬಿದ್ದು ಕಣ್ಣು ಹೊರಕ್ಕೂ ಕೆಳಕ್ಕೂ ವಾಲುತ್ತದೆ. ನಾಲ್ಕನೆಯದು ಸೋತವರಿಗೆ ಮೆಟ್ಟಿಲಿಳಿಯುವಾಗ, ಓದುವಾಗ ಒಂದು ವಸ್ತು ಮೇಲೆ ಕೆಳಗೆ ಎರಡಾಗಿ ಕಾಣುತ್ತದೆ. ಆರನೆಯದು ಸೋತರೆ ಕಣ್ಣು ಹೊರಕ್ಕೆ ತಿರುಗದೆ, ನೋಟ ಅಕ್ಕಪಕ್ಕದಲ್ಲಿ ಎರಡಾಗುತ್ತದೆ. ಇಂಥ ಲಕ್ಷಣ ಹಠಾತ್ತಾಗಿ ಕಂಡರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಪೆಟ್ಟು ಮತ್ತು ಒತ್ತಡ

ಚೆಂಡು ಅಥವಾ ಮುಷ್ಟಿ ಕಣ್ಣಿಗೆ ಬಡಿದಾಗ ತೆಳುವಾದ ನೆಲ ಬಿರಿಯಬಹುದು. ಕೆಳಗಿನ ನೇರ ಸ್ನಾಯು ಆ ಬಿರುಕಿನಲ್ಲಿ ಸಿಕ್ಕಿಕೊಂಡರೆ ಕಣ್ಣು ಮೇಲಕ್ಕೆ ಏಳದು; ನೆಲದಲ್ಲಿ ಹಾಯುವ ನರ ನಲುಗಿದರೆ ಕೆನ್ನೆ ಮತ್ತು ಮೇಲ್ದುಟಿ ಜೋಮು ಹಿಡಿಯುತ್ತವೆ. ಮಕ್ಕಳಲ್ಲಿ ಹೊರಗೆ ಹೆಚ್ಚು ಗಾಯ ಕಾಣದಿದ್ದರೂ ಸ್ನಾಯು ಸಿಕ್ಕಿಕೊಂಡು ವಾಂತಿಯಾಗಬಹುದು, ನಾಡಿ ನಿಧಾನವಾಗಬಹುದು.

ಗೋಡೆ ಒಡೆಯದೆ ಗುಡ್ಡೆಯ ಹಿಂದೆ ರಕ್ತ ತುಂಬುವುದು ಇನ್ನೂ ಅಪಾಯಕರ. ಎಲುಬು ಹಿಗ್ಗದು; ಆದ್ದರಿಂದ ಒತ್ತಡ ಏರಿ ದೃಷ್ಟಿನರಕ್ಕೆ ರಕ್ತ ದೊರೆಯದಂತಾಗುತ್ತದೆ. ಪೆಟ್ಟಿನ ಅನಂತರ ತೀವ್ರ ನೋವಿನೊಡನೆ ಕಣ್ಣು ಮುಂದಕ್ಕೆ ಉಬ್ಬಿ ನೋಟ ಮಸುಕಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ವೈದ್ಯರು ರೆಪ್ಪೆಗಳ ಹೊರಮೂಲೆಯನ್ನು ಕತ್ತರಿಸಿ ಒತ್ತಡವನ್ನು ಇಳಿಸುತ್ತಾರೆ. ಕೆಲವು ಗಂಟೆಗಳ ವಿಳಂಬವೂ ಶಾಶ್ವತ ಕುರುಡುತನವನ್ನು ತರಬಲ್ಲದು.