ಐದನೇ ರೊಟ್ಟಿಯ ದುಡ್ಡು ಯಾರು ಕೊಡ್ತಾರೆ? ಅನ್‌ಲಿಮಿಟೆಡ್ ಊಟದ ಒಳಲೆಕ್ಕ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಬನಶಂಕರಿ, ಜಯನಗರ, ಜೆ.ಪಿ. ನಗರದ ಕಡೆ ಓಡಾಡೋರು ಈ ಬೋರ್ಡ್ ನೋಡೇ ಇರ್ತೀರಿ: ‘ಉತ್ತರ ಕರ್ನಾಟಕ ಶೈಲಿಯ ಜೋಳದ ರೊಟ್ಟಿ ಊಟ ದೊರೆಯುತ್ತದೆ’. ಅದರ ಕೆಳಗೆ ಕೆಲವೊಮ್ಮೆ ‘ಅನ್‌ಲಿಮಿಟೆಡ್’ ಅಂತ ಇನ್ನೊಂದು ಸಾಲು. ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಯಾವುದೋ ಕಟ್ಟಡದ ಎರಡನೇ ಮಹಡೀಲಿ, ಎಸಿ ಹಾಕಿರೋ ಬಫೆ ರೆಸ್ಟೋರೆಂಟು. ಅಲ್ಲೂ ಎಷ್ಟು ಬೇಕಾದರೂ ತಿನ್ನಿ ಅಂತಾರೆ. ಆದರೆ ರೇಟು ಮೂರ್ನಾಲ್ಕು ಪಟ್ಟು ಜಾಸ್ತಿ.

ಇವತ್ತು ಎರಡು ಪ್ರಶ್ನೆ. ಒಂದು, ಹೊಟ್ಟೆ ತುಂಬ ಬಡಿಸಿದ ಮೇಲೂ ಇವರಿಗೆ ಲಾಭ ಹೇಗೆ ಬರುತ್ತೆ? ಎರಡನೇದು ನನಗೆ ಹೆಚ್ಚು ಮುಖ್ಯ ಅನ್ಸೋದು: ಐವತ್ತು ಐಟಂ ಇಡೋ ಬಫೆಯಲ್ಲಿ ಬಿಸಿ ಜೋಳದ ರೊಟ್ಟಿ ಯಾಕೆ ಸಿಗೋದು ಅಷ್ಟು ಅಪರೂಪ?

ಮೊದಲು ದುಡ್ಡಿನ ಮಾತು. ಅನ್‌ಲಿಮಿಟೆಡ್ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಎಂಟು ರೊಟ್ಟಿ ಹೊಡೆಯೋ ಭೂಪ. ‘ಪಾಪ, ಮಾಲೀಕರ ಗತಿ ಏನು’ ಅಂದುಕೊಳ್ತೀವಿ. ಮಾಲೀಕರಿಗೆ ಆ ಚಿಂತೆ ಇಲ್ಲ, ಯಾಕಂದರೆ ಅವರ ಲೆಕ್ಕ ಸರಾಸರಿ ಮೇಲೆ ನಡೆಯುತ್ತೆ. ಎಂಟು ತಿನ್ನೋನ ಪಕ್ಕದಲ್ಲಿ ಎರಡಕ್ಕೇ ಕೈ ತೊಳೆಯೋರು ಮೂರು ಜನ ಕೂತಿರ್ತಾರೆ. ಒಂದು ಕಿಲೋ ಜೋಳದ ಹಿಟ್ಟಿಗೆ ಸುಮಾರು ಹನ್ನೆರಡರಿಂದ ಹದಿನೈದು ರೊಟ್ಟಿ ಬರುತ್ತೆ ಅಂತ ಇಟ್ಟುಕೊಳ್ಳಿ. ಹಿಟ್ಟು ಕಿಲೋಗೆ 60 ರೂಪಾಯಿ ಅಂದರೂ ಐದನೇ ರೊಟ್ಟಿಯ ಹಿಟ್ಟಿಗೆ ಬೀಳೋ ಖರ್ಚು ನಾಲ್ಕೈದು ರೂಪಾಯಿ. ಅದನ್ನ ನಿಮ್ಮ ಪಕ್ಕದವರೇ ಕೊಟ್ಟುಬಿಟ್ಟಿರ್ತಾರೆ, ಅವರಿಗೆ ಗೊತ್ತಿಲ್ಲದೇ.

ಖರ್ಚು ಇರೋದು ಕುರ್ಚೀಲಿ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಖಾನಾವಳೀಲಿ 40 ಕುರ್ಚಿ ಇದೆ, ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಊಟ. ಬಂದವರು ಇಪ್ಪತ್ತೈದು ನಿಮಿಷಕ್ಕೆ ಉಂಡು ಎದ್ದರೆ ಆರು ಪಂಕ್ತಿ, ಅಂದರೆ 240 ಊಟ. ಊಟಕ್ಕೆ 150 ರೂಪಾಯಿಯಂತೆ 36,000 ರೂಪಾಯಿ. ಅದೇ ಜಾಗದಲ್ಲಿ ಬಫೆ ಇಟ್ಟರೆ ಒಬ್ಬೊಬ್ಬರು ಒಂದೂಕಾಲು ಗಂಟೆ ಕೂರ್ತಾರೆ. ಎರಡೇ ಪಂಕ್ತಿ, 80 ಜನ. ಅಷ್ಟೇ ದುಡ್ಡು ಹುಟ್ಟಬೇಕಂದರೆ ತಲೆಗೆ 450 ರೂಪಾಯಿ ಹಾಕಲೇಬೇಕು. ಎಸಿ, ಕೇಕು, ಹುಟ್ಟುಹಬ್ಬದ ಹಾಡು ಇವೆಲ್ಲ ಆಮೇಲಿನ ಮಾತು. ನೀವು ದುಡ್ಡು ಕೊಡ್ತಿರೋದು ಮುಖ್ಯವಾಗಿ ಕೂರೋದಕ್ಕೆ.

ಇನ್ನೊಂದು ವ್ಯತ್ಯಾಸ, ಸೌಟು ಯಾರ ಕೈಲಿದೆ ಅನ್ನೋದು. ನಮ್ಮ ಬಡಿಸೋ ಊಟದಲ್ಲಿ ಕ್ರಮ, ವೇಗ ಎರಡೂ ಬಡಿಸೋರ ಕೈಲಿ. ಪಲ್ಯ ಒಂದು ಸೌಟು, ಅನ್ನ ಕೇಳಿದಷ್ಟು. ಸಿಹಿ ಒಂದೇ ಸಲ, ಎರಡನೇ ಸಲ ಕೇಳೋಕೆ ನಮಗೇ ಸಂಕೋಚ. ಬಫೆಯಲ್ಲಿ ಸೌಟು ಗಿರಾಕಿ ಕೈಲಿ. ಹಾಗಾಗಿ ಅಲ್ಲಿ ಹೊಟ್ಟೆ ತುಂಬಿಸೋ ಕೆಲಸ ಬೇರೆ ದಾರಿ ಹಿಡಿಯುತ್ತೆ. ಬಾರ್ಬೆಕ್ಯೂ ನೇಷನ್ ಗೊತ್ತಲ್ಲ, 2006ರಲ್ಲಿ ಮುಂಬೈನಲ್ಲಿ ಶುರುವಾಗಿ, ಬೆಂಗಳೂರನ್ನೇ ಮುಖ್ಯ ಕಚೇರಿ ಮಾಡಿಕೊಂಡು, 2021ರಲ್ಲಿ ಷೇರುಪೇಟೆಗೂ ಬಂದ ಸರಣಿ. ಅಲ್ಲಿ ಟೇಬಲ್ ಮೇಲೆ ಒಂದು ಪುಟ್ಟ ಬಾವುಟ ಇರುತ್ತೆ. ಅದನ್ನ ಇಳಿಸೋ ತನಕ ಕಬ್ಬಿಣದ ಕಡ್ಡಿಗಳು ಬರ್ತಾನೇ ಇರ್ತವೆ. ಪಲಾವು, ಬಿರಿಯಾನಿ ಇರೋ ಕಡೆ ಎದ್ದು ಹೋಗೋ ಹೊತ್ತಿಗೆ ಅರ್ಧ ಜನಕ್ಕೆ ಹೊಟ್ಟೇಲಿ ಜಾಗ ಇರಲ್ಲ. ಜಾಣತನದ ಏರ್ಪಾಡು, ಮೋಸ ಅಂತ ನಾನೇನೂ ಹೇಳಲ್ಲ.

ಈಗ ರೊಟ್ಟಿಗೆ ಬರೋಣ. ಬಫೆ ಸಾಲಲ್ಲಿ ಮುಚ್ಚಳ ಇರೋ ಸ್ಟೀಲ್ ಪಾತ್ರೆ, ಕೆಳಗೆ ಬಿಸಿನೀರು, ಅದರ ಕೆಳಗೆ ಸಣ್ಣ ಉರಿ. ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಬಿಸಿ ಪದಾರ್ಥ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಗೊಜ್ಜು, ಸಾಗು, ಪನೀರ್ ಗ್ರೇವಿಗೆ ಇದು ಆಗುತ್ತೆ, ಒಂದು ಗಂಟೆ ಕೂತರೆ ಕೆಲವಕ್ಕೆ ರುಚಿಯೇ ಹೆಚ್ಚುತ್ತೆ. ಆದರೆ ಜೋಳದಲ್ಲಿ ಗೋಧಿಯ ಹಾಗೆ ಜಿಗುಟು ಅಂಶ ಇಲ್ಲ. ಬಿಸಿನೀರಲ್ಲಿ ನಾದಿ, ಕೈಯಲ್ಲಿ ಬಡಿದು, ಹಂಚಿನ ಮೇಲೆ ನೀರು ಸವರಿ, ಉರಿಗೆ ಹಿಡಿದು ಉಬ್ಬಿಸಿದ ರೊಟ್ಟಿಗೆ ಆಯಸ್ಸು ಹತ್ತು ನಿಮಿಷ. ಮುಚ್ಚಿಟ್ಟರೆ ಬೆವರಿ ಮೆತ್ತಗಾಗುತ್ತೆ, ತೆರೆದಿಟ್ಟರೆ ಚಕ್ಕಳ. ರಾಗಿ ಮುದ್ದೆಯದ್ದೂ ಇದೇ ಕಥೆ, ಮೇಲೆ ಸಿಪ್ಪೆ ಕಟ್ಟಿಬಿಡುತ್ತೆ. ನೀರು ದೋಸೆ ಒಂದಕ್ಕೊಂದು ಅಂಟಿಕೊಳ್ಳುತ್ತೆ.

ಅಂದರೆ ಬಫೆಯ ಮೆನು ಬರೆಯೋರು ಬಾಣಸಿಗರು ಅಂತ ನಾವು ಅಂದುಕೊಂಡಿದ್ದೀವಿ, ಬರೆಯೋದು ಆ ಸ್ಟೀಲ್ ಪಾತ್ರೆ. ಪಾತ್ರೇಲಿ ತಡೆದುಕೊಳ್ಳೋದು ಮೆನುವಿಗೆ ಬರುತ್ತೆ, ತಡೆಯದ್ದು ಹೊರಗುಳಿಯುತ್ತೆ. ಹಾಗಾಗಿಯೇ ಬೆಂಗಳೂರಿನ ಬಫೆಗೂ ಪುಣೆಯ ಬಫೆಗೂ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ, ಗುಲಾಬ್ ಜಾಮೂನು ಅಂತ ಒಂದೇ ಮುಖ.

ಇದು ಎಲ್ಲ ದೇಶಕ್ಕೂ ಅನ್ವಯ ಆಗಲ್ಲ. ಫಿಲಿಪ್ಪೀನ್ಸ್‌ನಲ್ಲಿ ‘ಕಬಾಲೆನ್’ ಅಂತ ಒಂದು ಸರಣಿ ಇದೆ. ಪಂಪಾಂಗ ಅನ್ನೋ ಪ್ರಾಂತ್ಯದ ಊಟವನ್ನೇ ಬಫೆಯಾಗಿ ಇಟ್ಟು ಹೆಸರು ಮಾಡಿದ್ದು. ಆ ಸೀಮೆಯ ಭಾಷೇಲಿ ಆ ಪದಕ್ಕೆ ‘ನಮ್ಮೂರವರು’ ಅಂತ ಅರ್ಥ. ಅಲ್ಲಿ ಪ್ರಾಂತ್ಯದ ಊಟ ಬಫೆಗೆ ಹೊಂದಿಕೊಂಡಿದ್ದು ಆಶ್ಚರ್ಯ ಅಲ್ಲ. ಹುಳಿ ಹಾಕಿ ಬೇಯಿಸೋ ಅಡೋಬೊ, ಕಡಲೆಕಾಯಿ ಗಸಿಯ ಕರೆ-ಕರೆ, ಇವೆಲ್ಲ ಪಾತ್ರೇಲಿ ಗಂಟೆಗಟ್ಟಲೆ ಕೂರೋ ಪದಾರ್ಥಗಳು. ಬೀದಿಬದಿಯ ಹೋಟೆಲುಗಳಲ್ಲೂ ಪಾತ್ರೆಗಳನ್ನ ಸಾಲಾಗಿ ಇಟ್ಟು, ಗಿರಾಕಿ ಬೆರಳು ತೋರಿಸಿದ್ದನ್ನ ಬಡಿಸೋ ಪದ್ಧತಿ ಹಳೇದು. ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಎಣ್ಣೆಗಾಯಿ, ಝುಣಕ, ಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲ ಪಾತ್ರೆಗೆ ಒಗ್ಗುತ್ತವೆ. ನಡುವೆ ಇರೋ ರೊಟ್ಟಿ ಮಾತ್ರ ಒಗ್ಗಲ್ಲ. ರೊಟ್ಟಿ ಇಲ್ಲದ ಎಣ್ಣೆಗಾಯಿ ಯಾರಿಗೆ ಬೇಕು?

ಹಾಗಾಗಿ ಈ ಊಟ ಖಾನಾವಳೀಲೇ ಉಳೀತು. ಹುಬ್ಬಳ್ಳಿ-ಧಾರವಾಡ ಕಡೆ ಓದೋಕೆ, ನೌಕರಿಗೆ ಬಂದ ಒಂಟಿ ಗಂಡಸರಿಗೆ ಊಟ ಹಾಕ್ತಿದ್ದ ಜಾಗಗಳವು. ಬೆಂಗಳೂರಲ್ಲೂ ಅದೇ ನಡೀತು. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ಇರೋ ಕಲಬುರಗಿ, ವಿಜಯಪುರ, ಬಾಗಲಕೋಟೆ ಹುಡುಗರಿಗೆ ಇವು ಊರಿನ ಅಡುಗೆಮನೆಯ ಹಾಗೆ. (ಅಂದಹಾಗೆ, ಬಿಟಿಎಂ ಅಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ, ಮೂರೂರು ಸೇರಿ ಮೂರಕ್ಷರ.) ದಕ್ಷಿಣ ಬೆಂಗಳೂರಿನ ಮುದ್ದೆ-ಅನ್ನದ ಮನೆಗಳಿಗೆ ರೊಟ್ಟಿ ಊಟದ ರುಚಿ ಹತ್ತಿಸಿದ್ದರಲ್ಲಿ ಬಸವನಗುಡಿಯ ಕಾಮತ್ ಬ್ಯೂಗಲ್ ರಾಕ್‌ದೂ ಪಾಲಿದೆ.

ಖಾನಾವಳಿಗೆ ಈಗ ಎರಡು ಕಡೆಯಿಂದ ಒತ್ತಡ. ಮೊದಲನೇದು ತೆರಿಗೆ, ಗ್ಯಾಸು. 2017ರ ನವೆಂಬರಿನಿಂದ ಸಾಮಾನ್ಯ ಹೋಟೆಲುಗಳಿಗೆ ಜಿಎಸ್‌ಟಿ ಶೇ 5. ಕೇಳೋಕೆ ಕಮ್ಮಿ. ಆದರೆ ಮಾಲೀಕರು ಕಮರ್ಷಿಯಲ್ ಸಿಲಿಂಡರಿಗೆ, ಅಂಗಡಿ ಬಾಡಿಗೆಗೆ ಕಟ್ಟೋ ಶೇ 18ನ್ನ ಅದರಲ್ಲಿ ಹೊಂದಿಸಿಕೊಳ್ಳೋ ಹಾಗಿಲ್ಲ. ಒಂದು ಡಬರಿ ಸಾಂಬಾರಿಗೆ ಒಂದು ಸಲ ಉರಿ ಹಚ್ಚಿದರೆ ಮುಗೀತು. ರೊಟ್ಟಿಗೆ ಒಂದೊಂದಕ್ಕೂ ಉರಿ ಬೇಕು.

ಎರಡನೇದು ಇನ್ನೂ ಗಟ್ಟಿ ಸಮಸ್ಯೆ: ಬಡಿಯೋ ಕೈ. ಬೆಂಕಿ ಮುಂದೆ ಕೂತು ಗಂಟೆಗಟ್ಟಲೆ ಒಂದೇ ಗಾತ್ರದ ತೆಳು ರೊಟ್ಟಿ ಬಡಿಯೋ ಹೆಣ್ಣುಮಕ್ಕಳು ಸಿಕ್ಕರೆ ಖಾನಾವಳಿ ನಡೆಯುತ್ತೆ, ಅವರು ಊರಿಗೆ ಹೋದ ವಾರ ಚಪಾತಿ ಬರುತ್ತೆ. ಮಷಿನ್ ಬಂದಿವೆ. ಹಿಟ್ಟನ್ನ ಒತ್ತಿ ಕೊಡುತ್ತವೆ, ದುಂಡಗೂ ಇರುತ್ತೆ, ಆದರೆ ತಿಂದವರು ಒಂದೇ ತುತ್ತಿಗೆ ಹೇಳಿಬಿಡ್ತಾರೆ.

ಮತ್ತೆ ರೇಟು ಏರಿಸಿದರಾಯ್ತಲ್ಲ ಅನ್ನಬಹುದು. ಗಿರಾಕಿ ಪಿಜಿ ಹುಡುಗ, ಆಟೋ ಚಾಲಕ. ಹತ್ತು ರೂಪಾಯಿ ಏರಿಸಿದರೂ ಪಕ್ಕದ ದರ್ಶಿನಿಗೆ ಹೋಗ್ತಾನೆ. ಏರಿಸದೇ ಇದ್ದರೆ ಏನಾಗುತ್ತೆ ಅನ್ನೋದಕ್ಕೂ ಇದೇ ಊರಲ್ಲಿ ಉದಾಹರಣೆ ಇದೆ. 1924ರಲ್ಲಿ ಶುರುವಾದ ಎಂಟಿಆರ್, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿ-ಊಟಕ್ಕೆ ಕಮ್ಮಿ ದರ ಕಟ್ಟಿದಾಗ ಗುಣಮಟ್ಟ ಇಳಿಸೋಕೆ ಒಪ್ಪದೆ ಹೋಟೆಲ್ಲನ್ನೇ ಮುಚ್ಚಿತು. ದಿನದಿನದ ನಷ್ಟವನ್ನ ಹೊರಗೆ ಬೋರ್ಡಿಗೆ ಬರೆದು ಹಾಕ್ತಿದ್ದರು ಅಂತಲೂ ಹೇಳ್ತಾರೆ. ಕೆಲಸಗಾರರನ್ನ ಉಳಿಸಿಕೊಳ್ಳೋಕೆ ಮಸಾಲೆ ಪುಡಿ, ಮಿಕ್ಸ್ ಪ್ಯಾಕೆಟ್ ಕಡೆ ತಿರುಗಿದ್ದರಿಂದ ಅವರು ಬದುಕಿದರು. ಸಣ್ಣ ಖಾನಾವಳಿಗೆ ಅಂಥ ಇನ್ನೊಂದು ಕೈ ಇರಲ್ಲ. ಹತ್ತು ರೂಪಾಯಿಗೆ ಊಟ ಹಾಕೋದು ಇಂದಿರಾ ಕ್ಯಾಂಟೀನಿಗೆ ಸಾಧ್ಯ ಆಗೋದು, ಉಳಿದ ದುಡ್ಡು ಸರ್ಕಾರ ಕಟ್ಟುತ್ತೆ ಅಂತ, ಮತ್ತೆ ಅಲ್ಲಿ ಊಟ ಅಳತೇದು ಅಂತ.

ಒಂದು ದಾರಿ ಊರಿಂದಲೇ ಬರ್ತಿದೆ. ಅದು ಕಟಕ ರೊಟ್ಟಿ. ನೀರಿನ ಪಸೆ ಪೂರ್ತಿ ಹೋಗೋ ತನಕ ಸುಟ್ಟು ಒಣಗಿಸಿದ್ದು, ತಿಂಗಳುಗಟ್ಟಲೆ ಕೆಡಲ್ಲ. ಜಾತ್ರೆಗೆ, ದೂರದ ಪ್ರಯಾಣಕ್ಕೆ ಬುತ್ತಿ ಕಟ್ತಿದ್ದದ್ದು ಇದನ್ನೇ. ಕಲಬುರಗಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನ ಸೇರಿಸಿ ‘ಕಲಬುರಗಿ ರೊಟ್ಟಿ’ ಅಂತ ಬ್ರ್ಯಾಂಡ್ ಮಾಡಿದೆ. ಬಡಿಯೋ ಕೈಯನ್ನ ಬೆಂಗಳೂರಿಗೆ ಕರೆತರೋ ಬದಲು ರೊಟ್ಟಿಯನ್ನೇ ತರಿಸಿದರೆ ಇಲ್ಲಿನ ಬಾಡಿಗೆ, ಗ್ಯಾಸು ಎರಡೂ ಉಳಿಯುತ್ತೆ, ದುಡ್ಡು ಹಳ್ಳೀಲಿ ನಿಲ್ಲುತ್ತೆ. ಬಫೆ ಸಾಲಿನಲ್ಲೂ ಇದು ಅಲ್ಲಾಡದೆ ಕೂರುತ್ತೆ. ಆದರೆ ಕಟಕ ರೊಟ್ಟಿ ಬೇರೆ, ಬಿಸಿ ರೊಟ್ಟಿ ಬೇರೆ. ಒಂದರ ಬದಲು ಇನ್ನೊಂದು ಅಂತ ಆ ಕಡೆಯವರು ಯಾರೂ ಒಪ್ಪಲ್ಲ, ನಾನೂ ಒಪ್ಪಲ್ಲ.

ಖಾನಾವಳಿಗೆ ಹೋಗೋರಿಗೆ ಒಂದು ಕಿವಿಮಾತು. ಒಂದು ಗಂಟೆಯ ನೂಕುನುಗ್ಗಲು ಬಿಟ್ಟು ಹನ್ನೆರಡೂವರೆಗೇ ಹೋಗಿ. ಮೊದಲೇ ನಾಲ್ಕು ರೊಟ್ಟಿ ಹಾಕಿಸಿಕೊಳ್ಳಬೇಡಿ. ಒಂದು ತಿನ್ನಿ, ಆಮೇಲೆ ಒಳಗೆ ಕೇಳೋ ಹಾಗೆ ‘ಅಕ್ಕಾರ, ಇನ್ನೊಂದು ಬಿಸೀದು ಕೊಡ್ರಿ’ ಅನ್ನಿ. ಹಂಚಿಂದ ನೇರ ತಟ್ಟೆಗೆ ಬರುತ್ತೆ.